ಕೊರೋನಾ ಮತ್ತು ಫ್ಲೂ: ಆಸ್ಪತ್ರೆ ಸೇರಿದವರಲ್ಲಿ ಕಂಡ ವ್ಯತ್ಯಾಸ

“ಅದೂ ಒಂದು ಶೀತಜ್ವರವೇ, ಸುಮ್ಮನೆ ನಮ್ಮನ್ನು ಹೆದರಿಸಿದರು” ಎಂಬ ಮಾತು 2020ರಿಂದ ಇಂದಿನವರೆಗೂ ನಮ್ಮ ಕಿವಿಗೆ ಬೀಳುತ್ತಲೇ ಇದೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧವಾಗಿ, ಕೊರೋನಾ ಎಂಬ ಹೆಸರು ಕೇಳಿದರೆ ಸಾಕು, ಈಗಲೂ ರೋಗಿಯ ಮನೆಯಂಗಳಕ್ಕೆ ಕಾಲಿಡುವುದಿಲ್ಲ. ಇವೆರಡರಲ್ಲಿ ಯಾವುದು ಸರಿ? ಈ ಪ್ರಶ್ನೆಗೆ ಉತ್ತರಿಸಲು ಊಹೆ ಬೇಕಾಗಿಲ್ಲ. ಎರಡೂ ಕಾಯಿಲೆಗಳಿಂದ ಆಸ್ಪತ್ರೆ ಸೇರಿದವರ ದಾಖಲೆಗಳನ್ನು ವೈದ್ಯರು ಅಕ್ಕಪಕ್ಕ ಇಟ್ಟು ನೋಡಿದ್ದಾರೆ.

ಮೊದಲು ಫ್ರಾನ್ಸ್ ದೇಶದ ಲೆಕ್ಕ. 2020ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳಲ್ಲಿ ಅಲ್ಲಿನ ಆಸ್ಪತ್ರೆಗಳಿಗೆ ಕೊರೋನಾದಿಂದ ದಾಖಲಾದವರು 89,530 ಮಂದಿ. ಇವರನ್ನು 2018-19ರ ಚಳಿಗಾಲದ ಮೂರು ತಿಂಗಳಲ್ಲಿ ಫ್ಲೂನಿಂದ ದಾಖಲಾದ 45,819 ಮಂದಿಯೊಂದಿಗೆ ಹೋಲಿಸಲಾಯಿತು. ಕೊರೋನಾ ರೋಗಿಗಳಲ್ಲಿ ನೂರಕ್ಕೆ 16.9 ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಫ್ಲೂ ರೋಗಿಗಳಲ್ಲಿ 5.8 ಮಂದಿ. ಅಂದರೆ ಸುಮಾರು ಮೂರು ಪಟ್ಟು. ರೋಗಿಗಳೂ ಒಂದೇ ಬಗೆಯವರಾಗಿರಲಿಲ್ಲ. ಫ್ಲೂನಿಂದ ದಾಖಲಾದವರಲ್ಲಿ ಐದರಲ್ಲೊಂದು ಪಾಲು ಹದಿನೆಂಟು ವರ್ಷದೊಳಗಿನವರು. ಕೊರೋನಾದಲ್ಲಿ ಅಂಥವರು ನೂರಕ್ಕೆ ಒಂದೂವರೆಯಷ್ಟೂ ಇರಲಿಲ್ಲ. ಮೊದಲೇ ಹೃದಯ ದುರ್ಬಲವಾಗಿದ್ದವರು, ದಮ್ಮಿನಂಥ ಶ್ವಾಸಕೋಶದ ಹಳೆಯ ಕಾಯಿಲೆ ಇದ್ದವರು ಫ್ಲೂ ಗುಂಪಿನಲ್ಲಿ ಹೆಚ್ಚು. ಕೊರೋನಾ ಗುಂಪಿನಲ್ಲಿ ಸ್ಥೂಲಕಾಯದವರು, ಸಕ್ಕರೆ ಕಾಯಿಲೆಯವರು ಮತ್ತು ಬಿಪಿ ಇದ್ದವರು ಹೆಚ್ಚು. ನಮ್ಮ ಕರಾವಳಿಯ ಯಾವ ಮನೆಯಲ್ಲಿ ಇಂಥವರು ಇಲ್ಲ, ಹೇಳಿ?

ಎರಡನೆಯದು ಅಮೆರಿಕಾದ ಮಾಜಿ ಸೈನಿಕರ ಆಸ್ಪತ್ರೆಗಳ ಲೆಕ್ಕ. ಸೇಂಟ್ ಲೂಯಿಸ್ ನಗರದ ವೈದ್ಯ ಝಿಯಾದ್ ಅಲ್-ಅಲಿ ಮತ್ತು ಸಂಗಡಿಗರು ವರ್ಷ ವರ್ಷವೂ ಇದನ್ನು ಮುಂದುವರಿಸಿರುವುದರಿಂದ ಇದಕ್ಕೆ ವಿಶೇಷ ಮಹತ್ವವಿದೆ. ಮೊದಲ ಅಲೆಯಲ್ಲಿ 3,641 ಕೊರೋನಾ ರೋಗಿಗಳಲ್ಲಿ ನೂರಕ್ಕೆ 18.6 ಮಂದಿ ಮೃತಪಟ್ಟರೆ, ಹಿಂದಿನ ವರ್ಷಗಳ 12,676 ಫ್ಲೂ ರೋಗಿಗಳಲ್ಲಿ ಮೃತಪಟ್ಟವರು 5.3 ಮಂದಿ. ವಯಸ್ಸು, ಹಳೆಯ ಕಾಯಿಲೆ ಮುಂತಾದ ವ್ಯತ್ಯಾಸಗಳನ್ನು ಸರಿದೂಗಿಸಿ ನೋಡಿದಾಗ ಸಾವಿನ ಅಪಾಯ ಸುಮಾರು ಐದು ಪಟ್ಟು, ವೆಂಟಿಲೇಟರ್ ಬೇಕಾಗುವ ಸಂಭವ ನಾಲ್ಕು ಪಟ್ಟು. ಕೊರೋನಾ ಬರೀ ಶ್ವಾಸಕೋಶದಲ್ಲಿ ನಿಲ್ಲಲಿಲ್ಲ. ಮೂತ್ರಪಿಂಡಗಳು ಕೈಕೊಟ್ಟವು, ಹಿಂದೆ ಇನ್ಸುಲಿನ್ ಬೇಕಿಲ್ಲದವರಿಗೂ ಇನ್ಸುಲಿನ್ ಕೊಡಬೇಕಾಯಿತು, ರಕ್ತ ಹೆಪ್ಪುಗಟ್ಟಿತು. ನ್ಯೂಯಾರ್ಕ್ ನಗರದ ಎರಡು ಆಸ್ಪತ್ರೆಗಳ ಇನ್ನೊಂದು ಅಧ್ಯಯನದಲ್ಲಿ 1,916 ಕೊರೋನಾ ರೋಗಿಗಳ ಪೈಕಿ 31 ಮಂದಿಗೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿಯಿತು. ಫ್ಲೂನ 1,486 ಮಂದಿಯಲ್ಲಿ ಹೀಗಾದದ್ದು ಮೂವರಿಗೆ ಮಾತ್ರ.

ಹಾಗಾದರೆ ಇಂದಿಗೂ ಪರಿಸ್ಥಿತಿ ಹೀಗೆಯೇ ಇದೆಯೇ? ಇಲ್ಲ. ಅದೇ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 2022-23ರ ಚಳಿಗಾಲದಲ್ಲಿ ದಾಖಲಾದ ಮೂವತ್ತು ದಿನದೊಳಗೆ ಸತ್ತವರು ಕೊರೋನಾದಲ್ಲಿ ನೂರಕ್ಕೆ 5.97, ಫ್ಲೂನಲ್ಲಿ 3.75. ಮರುವರ್ಷ, 2023-24ರಲ್ಲಿ, 5.70 ಮತ್ತು 4.24. ಅಂತರ ಕಿರಿದಾಗಿದೆ, ಆದರೆ ಅಳಿಸಿಹೋಗಿಲ್ಲ. ಲಸಿಕೆ, ಹಿಂದೊಮ್ಮೆ ಸೋಂಕು ತಗುಲಿದ್ದರಿಂದ ಬಂದ ರೋಗನಿರೋಧಕ ಶಕ್ತಿ, ಚಿಕಿತ್ಸೆಯಲ್ಲಾದ ಸುಧಾರಣೆ, ವೈರಾಣುವಿನ ಬದಲಾದ ರೂಪ – ಇವೆಲ್ಲವೂ ಸೇರಿ ಈ ಇಳಿಕೆಯಾಗಿದೆ ಎಂದು ತಿಳಿಯಬೇಕು. 2022-23ರ ಲೆಕ್ಕದಲ್ಲಿ ಲಸಿಕೆ ಹೆಚ್ಚು ಬಾರಿ ಪಡೆದವರಲ್ಲಿ ಈ ಅಪಾಯ ಕಡಿಮೆಯಿತ್ತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮಾಜಿ ಸೈನಿಕರೆಂದರೆ ಬಹುಪಾಲು ವಯಸ್ಸಾದ ಗಂಡಸರು. ಅಲ್ಲದೆ ಇವೆಲ್ಲ ಆಸ್ಪತ್ರೆ ಸೇರಿದವರ ಲೆಕ್ಕ, ಮನೆಯಲ್ಲೇ ಗಂಜಿ ಕುಡಿದು ಗುಣವಾದವರದ್ದಲ್ಲ. ಜ್ವರ ಬಂದ ನೂರು ಮಂದಿಯಲ್ಲಿ ಆರು ಮಂದಿ ಸಾಯುತ್ತಾರೆಂದು ಯಾರೂ ಇದನ್ನು ಓದಬಾರದು. ವಾಟ್ಸಾಪ್‌ನಲ್ಲಿ ಆಗುವ ಗೊಂದಲ ಹೆಚ್ಚಾಗಿ ಇದೇ.

ಫ್ಲೂ ಕೂಡ ಹಗುರವಾದುದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ 2.9 ಲಕ್ಷದಿಂದ 6.5 ಲಕ್ಷ ಮಂದಿ ಫ್ಲೂ ಸಂಬಂಧಿತ ಉಸಿರಾಟದ ತೊಂದರೆಯಿಂದ ಸಾಯುತ್ತಾರೆ. 2009ರಲ್ಲಿ ನಮ್ಮನ್ನು ನಡುಗಿಸಿದ ಎಚ್1ಎನ್1 ಈಗ ಋತುಮಾನದ ಫ್ಲೂಗಳಲ್ಲಿ ಒಂದಾಗಿ ಮಳೆಗಾಲದಲ್ಲಿ ನಮ್ಮಲ್ಲಿಗೂ ಬಂದುಹೋಗುತ್ತದೆ.

ಜ್ವರ, ಕೆಮ್ಮು, ಮೈಕೈ ನೋವು ಎರಡರಲ್ಲೂ ಇರುವುದರಿಂದ ನೋಡಿದ ಮಾತ್ರಕ್ಕೆ ಗುರುತಿಸುವುದು ವೈದ್ಯರಿಗೂ ಕಷ್ಟ. ಮೂಗಿನ ದ್ರವದ ಪರೀಕ್ಷೆಯೇ ಬೇಕು. ಯಾವುದಾದರೇನು, ಔಷಧಿ ಕೊಡಲಿ ಎಂದರೆ ಆಗದು. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಕೊರೋನಾಕ್ಕೆ ತಾಗುವುದಿಲ್ಲ. ಫ್ಲೂನಲ್ಲಿಯೂ ಅದನ್ನು ಮೊದಲ ಎರಡು ದಿನಗಳೊಳಗೆ ಆರಂಭಿಸಿದರೆ ಹೆಚ್ಚು ಪ್ರಯೋಜನ. ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟಿರಾಯ್ಡ್, ವೆಂಟಿಲೇಟರ್‌ನಲ್ಲಿದ್ದ ಕೊರೋನಾ ರೋಗಿಗಳ ಸಾವನ್ನು ಮೂರನೇ ಒಂದರಷ್ಟು ಇಳಿಸಿತೆಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ಪ್ರಯೋಗದಿಂದ ತಿಳಿಯಿತು. ಆಮ್ಲಜನಕವೇ ಬೇಕಾಗದವರಿಗೆ ಅದರಿಂದ ಲಾಭವಾಗಲಿಲ್ಲ. ಆದುದರಿಂದ ಅಂಗಡಿಯಿಂದ ತಾವೇ ಸ್ಟಿರಾಯ್ಡ್ ಮಾತ್ರೆ ತಂದು ನುಂಗುವುದು ಅಪಾಯಕರ.

ರೋಗಿಗಳನ್ನು ಮನೆಗೆ ಹೋಗಿ ಭೇಟಿ ಮಾಡುವ ಗುರಿಕಾರರು, ಸಿಸ್ಟರ್‌ಗಳು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅಲ್-ಅಲಿ ಅವರ ತಂಡ ಆಸ್ಪತ್ರೆ ಸೇರಿದ್ದವರನ್ನು ಹದಿನೆಂಟು ತಿಂಗಳ ಕಾಲ ಹಿಂಬಾಲಿಸಿತು. ಅಷ್ಟರಲ್ಲಿ ಕೊರೋನಾ ಗುಂಪಿನಲ್ಲಿ ನೂರಕ್ಕೆ ಸುಮಾರು 28 ಮಂದಿ, ಫ್ಲೂ ಗುಂಪಿನಲ್ಲಿ 20 ಮಂದಿ ತೀರಿಹೋಗಿದ್ದರು. ಶ್ವಾಸಕೋಶದ ಕೆಲವು ತೊಂದರೆಗಳು ಮಾತ್ರ ಫ್ಲೂನವರಲ್ಲೇ ಹೆಚ್ಚು. ಎರಡರಲ್ಲೂ ಕಾಯಿಲೆಯ ಹೊರೆ ಮೊದಲ ತಿಂಗಳಿಗಿಂತ ಅನಂತರದ ತಿಂಗಳುಗಳಲ್ಲೇ ಹೆಚ್ಚಾಗಿ ಬಿತ್ತು. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಹಿರಿಯರನ್ನು ನೋಡಲು ಮೊದಲ ವಾರ ಎಲ್ಲರೂ ಹೋಗುತ್ತಾರೆ. ಮೂರನೇ ತಿಂಗಳಲ್ಲೂ ಒಮ್ಮೆ ಹೋಗಿ, ಸಕ್ಕರೆ ಮತ್ತು ಬಿಪಿ ಪರೀಕ್ಷಿಸಿದ್ದಾರೆಯೇ, ಏದುಸಿರು ಬರುತ್ತಿದೆಯೇ, ಈ ವರ್ಷ ಫ್ಲೂ ಲಸಿಕೆ ಆಗಿದೆಯೇ ಎಂದು ವಿಚಾರಿಸಿ.