ಮನೆ ಬದಲಿಸುವಾಗ ಅಡಮಾನದ ಸಾಲ ಏನಾಗುತ್ತದೆ?

ಚಾಳಿನ ಖೋಲಿ ಬಿಟ್ಟು ಡೊಂಬಿವಲಿಯಲ್ಲಿ ಸಾಲ ಮಾಡಿ ಪುಟ್ಟ ಮನೆ ಕೊಂಡವರು, ಮಕ್ಕಳು ದೊಡ್ಡವರಾದ ಮೇಲೆ ಬದಲಾಪುರದಲ್ಲೋ ವಿರಾರದಲ್ಲೋ ಇನ್ನಷ್ಟು ದೊಡ್ಡ ಮನೆ ನೋಡುವುದುಂಟು. ಆಗ ಅವರು ಕೇಳುವ ಮೊದಲ ಪ್ರಶ್ನೆ: “ಈ ಮನೆಯ ಸಾಲವನ್ನು ಹಾಗೆಯೇ ಆ ಮನೆಗೆ ವರ್ಗ ಮಾಡಿಸಬಹುದೇ?” ಸಾಮಾನ್ಯವಾಗಿ ಆಗದು.

ಸಾಲ ಮನುಷ್ಯನದು, ಅಡಮಾನ ಮನೆಯದು. ಊರಿನಲ್ಲಿ ಹೊಲವನ್ನು ಭೋಗ್ಯಕ್ಕೆ ಹಾಕಿದರೆ ಸಾಲ ಕೊಟ್ಟವನೇ ಅದರ ಫಲ ಉಣ್ಣುತ್ತಾನೆ. ಇಲ್ಲಿ ಮನೆಯಲ್ಲಿ ನಾವೇ ಇರುತ್ತೇವೆ. ಮೂಲ ಕಾಗದಪತ್ರಗಳು ಮಾತ್ರ ಬ್ಯಾಂಕಿನ ವಶದಲ್ಲಿರುತ್ತವೆ. 1882ರ ಆಸ್ತಿ ವರ್ಗಾವಣೆ ಕಾಯದೆಯ 58ನೆಯ ಕಲಮು ಇಂಥ ಅಡಮಾನವನ್ನು ಮುಂಬಯಿ, ಕಲಕತ್ತಾ, ಮದ್ರಾಸುಗಳ ಹೆಸರು ಹೇಳಿಯೇ ಮಾನ್ಯ ಮಾಡಿದೆ. ಸರಕಾರ ಗೊತ್ತುಪಡಿಸಿದ ಇತರ ಊರುಗಳಲ್ಲಿಯೂ ಇದು ನಡೆಯುತ್ತದೆ. ಆದರೆ ಆ ಕಾಗದಗಳು ಹಳೆಯ ಮನೆಯವು. ಹೊಸ ಮನೆಗೆ ಅವು ಆಧಾರವಾಗಲಾರವು. ಸಾಲ ಕೊಟ್ಟ ಸಂಸ್ಥೆ ಒಪ್ಪಿದರೆ ಹೊಸ ಮನೆಯನ್ನು ಬದಲಿ ಆಧಾರವಾಗಿ ಸ್ವೀಕರಿಸಬಹುದು. ಹಕ್ಕೆಂದು ಕೇಳಲು ಬರುವುದಿಲ್ಲ.

ಆದುದರಿಂದ ರೂಢಿಯ ದಾರಿಯೆಂದರೆ, ಹಳೆಯ ಅಡಮಾನ ಬಿಡಿಸಿ ಹೊಸದನ್ನು ಮಾಡುವುದು. ಮನೆ 40 ಲಕ್ಷ ರೂಪಾಯಿಗೆ ಮಾರಾಟವಾಯಿತು, ಸಾಲದ ಬಾಕಿ 14 ಲಕ್ಷ ಎನ್ನೋಣ. ಮೊದಲು ಬ್ಯಾಂಕಿನಿಂದ ಬಾಕಿಯ ಲೆಕ್ಕವನ್ನೂ ಅವರಲ್ಲಿರುವ ಕಾಗದಗಳ ಪಟ್ಟಿಯನ್ನೂ ಬರವಣಿಗೆಯಲ್ಲಿ ಪಡೆಯಿರಿ. ಕೊಳ್ಳುವವರು 14 ಲಕ್ಷವನ್ನು ನೇರವಾಗಿ ಆ ಸಾಲದ ಖಾತೆಗೇ ತುಂಬುವಂತೆ ಕರಾರಿನಲ್ಲಿ ಬರೆಯಿಸಿರಿ. ಉಳಿದ 26 ಲಕ್ಷ ನಿಮ್ಮದು. ಹೊಸ ಮನೆಗೆ ಕಡಿಮೆ ಬೀಳುವಷ್ಟಕ್ಕೆ ಹೊಸ ಸಾಲ. ಅದಕ್ಕೆ ಮುದ್ರಾಂಕ ಶುಲ್ಕ, ಬ್ಯಾಂಕಿನ ಖರ್ಚು ಮತ್ತೆ ತಗಲುತ್ತವೆಂಬುದನ್ನು ಲೆಕ್ಕದಲ್ಲಿ ಹಿಡಿಯಬೇಕು.

ಈ ಖರ್ಚು ಉಳಿಸಲೆಂದು ಕೆಲವರು, “ಕೈಗೆ ಇಷ್ಟು ಕೊಡಿ, ಮುಂದಿನ ಕಂತುಗಳನ್ನು ನೀವೇ ಕಟ್ಟಿಕೊಂಡು ಹೋಗಿ” ಎಂದು ಬಾಯಿಮಾತಿನಲ್ಲಿ ಮನೆ ಬಿಟ್ಟುಕೊಡುತ್ತಾರೆ. ಇದು ಇಬ್ಬರಿಗೂ ಅಪಾಯ. ಬ್ಯಾಂಕಿನ ದಫ್ತರದಲ್ಲಿ ಸಾಲಗಾರ ಮೊದಲಿನವನೇ. ಕಂತು ತಪ್ಪಿದರೆ ನೋಟೀಸು ಅವನಿಗೇ ಬರುತ್ತದೆ. ವರ್ಷಗಟ್ಟಲೆ ಕಂತು ಕಟ್ಟಿದವನ ಹೆಸರಿಗೋ ಮನೆಯಿಲ್ಲ. ಒಬ್ಬ ತೀರಿಕೊಂಡರೆ ಇಬ್ಬರ ಹೆಂಡತಿ ಮಕ್ಕಳೂ ಕೋರ್ಟಿನ ಮೆಟ್ಟಲು ಹತ್ತಬೇಕಾದೀತು.

ಮನೆ ಅದೇ ಇದ್ದು, ಬಡ್ಡಿ ಕಡಿಮೆಯೆಂದು ಸಾಲವನ್ನು ಮಾತ್ರ ಬೇರೆ ಬ್ಯಾಂಕಿಗೆ ಒಯ್ಯುವುದು ಬೇರೆ ಮಾತು. ಹಣ ತೀರಿಸಿದ ಮೇಲೆ ಅಡಮಾನವನ್ನು ತಾನು ಹೇಳಿದವರಿಗೆ ವರ್ಗ ಮಾಡಿಕೊಡೆಂದು ಕೇಳುವ ಹಕ್ಕು ಸಾಲಗಾರನಿಗೆ 1929ರ ತಿದ್ದುಪಡಿಯಿಂದ, ಅದೇ ಕಾಯದೆಯ 60-ಎ ಕಲಮಿನಲ್ಲಿ ಬಂದಿದೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡ ಹಾಕಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ಆಜ್ಞೆ ಮಾಡಿತು.

ಸಾಲ ತೀರಿದ ದಿನವೇ ಕೆಲಸ ತೀರಿತೆಂದು ತಿಳಿಯಬಾರದು. ಬಾಕಿಯಿಲ್ಲವೆಂಬ ಪತ್ರ ಪಡೆಯಿರಿ. ಮೂಲ ಕಾಗದಗಳನ್ನು ಪಟ್ಟಿಯೊಡನೆ ತಾಳೆ ನೋಡಿ ತೆಗೆದುಕೊಳ್ಳಿರಿ. ಸೊಸೈಟಿಯ ದಫ್ತರದಲ್ಲಿ ಬ್ಯಾಂಕಿನ ಹೆಸರಿನ ನೋಂದು ಇದ್ದರೆ ತೆಗೆಸಿರಿ. 1 ಡಿಸೆಂಬರ್ 2023ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಪೂರ್ತಿ ಸಾಲ ತೀರಿದ 30 ದಿನಗಳೊಳಗೆ ಮೂಲ ಕಾಗದಗಳನ್ನು ಮರಳಿಸತಕ್ಕದ್ದು. ತಮ್ಮ ಕಾರಣದಿಂದ ತಡವಾದರೆ ಸಾಲ ಕೊಟ್ಟವರು ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಆದುದರಿಂದ ಕೊನೆಯ ಹಣ ತುಂಬಿದ ರಸೀದಿಯನ್ನು ತಾರೀಖು ಕಾಣುವಂತೆ ಜೋಪಾನವಾಗಿಡಿರಿ. ಆ 30 ದಿನಗಳ ಎಣಿಕೆ ಅಲ್ಲಿಂದಲೇ.