ಮನೆಯ ಸ್ಥಿರ ದೂರವಾಣಿಗೆ ಬರುವ ಅನಪೇಕ್ಷಿತ ಕರೆಗಳ ತಡೆ: ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ಚಂದಾದಾರರಿಗೆ ಮಾಹಿತಿ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಸ್ಥಿರ ದೂರವಾಣಿಯನ್ನು ಇಂದಿಗೂ ಉಳಿಸಿಕೊಳ್ಳಲಾಗಿದೆ. ಮಕ್ಕಳು ಬೇರೆ ಊರುಗಳಲ್ಲಿದ್ದು ಹಿರಿಯರಷ್ಟೇ ವಾಸಿಸುವ ಮನೆಗಳಿಗೆ ಈ ಸಂಪರ್ಕವೇ ಆಧಾರ. ಇಂತಹ ಮನೆಗೆ ವೇಳೆಯಲ್ಲದ ವೇಳೆಯಲ್ಲಿ ಪದೇ ಪದೇ ಕರೆ ಬರುವುದು, ಕರೆ ಸ್ವೀಕರಿಸಿದಾಗ ಯಾರೂ ಮಾತನಾಡದಿರುವುದು, ಅಸಭ್ಯ ಮಾತು ಅಥವಾ ಬೆದರಿಕೆ ಕೇಳಿಬರುವುದು ಮನೆಯವರ ನೆಮ್ಮದಿ ಕೆಡಿಸುತ್ತದೆ. ಕಿರುಕುಳಕ್ಕೆ ಬೇಸತ್ತು ದೂರವಾಣಿಯ ತಂತಿಯನ್ನೇ ತೆಗೆದಿಟ್ಟರೆ ತುರ್ತು ಸಂದರ್ಭದ ಕರೆಯೂ ತಪ್ಪಿಹೋಗುತ್ತದೆ. ಆದ್ದರಿಂದ ಲಭ್ಯವಿರುವ ಪರಿಹಾರ ಕ್ರಮಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

1. ಕರೆಯ ಸ್ವರೂಪವನ್ನು ಗುರುತಿಸುವುದು

ಎಲ್ಲ ಅನಪೇಕ್ಷಿತ ಕರೆಗಳಿಗೂ ಒಂದೇ ಪರಿಹಾರವಿಲ್ಲ. ಕರೆಯ ಸ್ವರೂಪಕ್ಕೆ ತಕ್ಕಂತೆ ದೂರು ಸಲ್ಲಿಸಬೇಕಾದ ಸ್ಥಳವೂ ಬದಲಾಗುತ್ತದೆ.

ಅ) ತಪ್ಪು ಸಂಖ್ಯೆಯ ಕರೆಗಳು.
ಆ) ಸಾಲ, ವಿಮೆ, ನಿವೇಶನ ಮುಂತಾದವುಗಳ ಮಾರಾಟಕ್ಕಾಗಿ ಬರುವ ವಾಣಿಜ್ಯ ಕರೆಗಳು.
ಇ) ಹಣ ಅಥವಾ ಬ್ಯಾಂಕ್ ವಿವರ ಪಡೆಯುವ ಉದ್ದೇಶದ ವಂಚನೆಯ ಕರೆಗಳು.
ಈ) ಅಶ್ಲೀಲ, ಬೆದರಿಕೆಯ ಅಥವಾ ಉದ್ದೇಶಪೂರ್ವಕ ಕಿರುಕುಳದ ಕರೆಗಳು.

2. ತಪ್ಪು ಸಂಖ್ಯೆಯ ಕರೆಗಳು

ಮಂಡ್ಯ ಮತ್ತು ಮದ್ದೂರಿನ ಎಸ್‌ಟಿಡಿ ಸಂಕೇತ 08232, ಮಳವಳ್ಳಿಯದು 08231. ಎರಡಕ್ಕೂ ಒಂದೇ ಅಂಕಿಯ ವ್ಯತ್ಯಾಸ. ಆ ಅಂಕಿಯನ್ನು ತಪ್ಪಾಗಿ ಒತ್ತಿದಲ್ಲಿ ಮಳವಳ್ಳಿಗೆ ಹೋಗಬೇಕಾದ ಕರೆಯು ಅದೇ ಆರಂಕಿಯ ಸಂಖ್ಯೆ ಹೊಂದಿರುವ ಮಂಡ್ಯ ಅಥವಾ ಮದ್ದೂರಿನ ಮನೆಗೆ ಬರಬಹುದು. ಕರೆ ಮಾಡಿದವರು ಯಾವ ಊರಿಗೆ ಕರೆ ಮಾಡಿದ್ದಾರೆಂದು ವಿಚಾರಿಸಿ ಸಂಕೇತವನ್ನು ಸರಿಪಡಿಸಿಕೊಳ್ಳುವಂತೆ ತಿಳಿಸಿದರೆ ಸಾಮಾನ್ಯವಾಗಿ ಕರೆಗಳು ನಿಲ್ಲುತ್ತವೆ. ಯಾವುದಾದರೂ ಕಚೇರಿ ಅಥವಾ ಅಂಗಡಿಯ ಫಲಕದಲ್ಲಿ ತಮ್ಮ ಮನೆಯ ಸಂಖ್ಯೆ ತಪ್ಪಾಗಿ ಮುದ್ರಿತವಾಗಿದ್ದಲ್ಲಿ ಆ ಕಚೇರಿಗೆ ಲಿಖಿತ ಮನವಿ ನೀಡತಕ್ಕದ್ದು. ಹೀಗೆ ತಿಳಿಸುವಾಗ ತಮ್ಮ ಹೆಸರು, ವಿಳಾಸಗಳನ್ನು ಅಪರಿಚಿತರಿಗೆ ನೀಡುವ ಅಗತ್ಯವಿಲ್ಲ.

3. ವಾಣಿಜ್ಯ ಕರೆಗಳು: 1909ರಲ್ಲಿ ನೋಂದಣಿ

ವಾಣಿಜ್ಯ ಕರೆಗಳ ನಿಯಂತ್ರಣಕ್ಕಾಗಿ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್ ಸಂಸ್ಥೆಯು, 2007ರಲ್ಲಿ ಮೊದಲ ಬಾರಿಗೆ ನಿಯಮ ರೂಪಿಸಿತು. 2010ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಈಗ 2018ರ ನಿಯಮಗಳು 2025ರ ತಿದ್ದುಪಡಿಯೊಂದಿಗೆ ಅನ್ವಯವಾಗುತ್ತವೆ. ಇವು ಮೊಬೈಲ್‌ಗೆ ಮಾತ್ರವಲ್ಲದೆ ಸ್ಥಿರ ದೂರವಾಣಿಗೂ ಅನ್ವಯಿಸುತ್ತವೆ.

ನೋಂದಣಿ ವಿಧಾನ:

(i) ಯಾವ ದೂರವಾಣಿಗೆ ರಕ್ಷಣೆ ಬೇಕೋ ಅದೇ ದೂರವಾಣಿಯಿಂದ 1909ಕ್ಕೆ ಕರೆ ಮಾಡುವುದು. ಇದಕ್ಕೆ ಶುಲ್ಕವಿಲ್ಲ.
(ii) ಎಲ್ಲ ವಾಣಿಜ್ಯ ಕರೆಗಳನ್ನೂ ತಡೆಯಬೇಕೇ ಅಥವಾ ಕೆಲವು ವಿಷಯಗಳ ಕರೆಗಳನ್ನು ಮಾತ್ರ ತಡೆಯಬೇಕೇ ಎಂಬುದನ್ನು ತಿಳಿಸುವುದು. ಬ್ಯಾಂಕಿಂಗ್ ಮತ್ತು ವಿಮೆ, ಸ್ಥಿರಾಸ್ತಿ, ಶಿಕ್ಷಣ, ಆರೋಗ್ಯ, ಗ್ರಾಹಕ ವಸ್ತುಗಳು ಮತ್ತು ವಾಹನ, ದೂರಸಂಪರ್ಕ ಮತ್ತು ಮನರಂಜನೆ, ಪ್ರವಾಸ, ಆಹಾರ ಎಂಬ ವಿಭಾಗಗಳಿಂದ ಆಯ್ಕೆ ಮಾಡಿಕೊಳ್ಳಬಹುದು.
(iii) ನೀಡಲಾಗುವ ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು.

ನೋಂದಣಿಯ ನಂತರವೂ ಕರೆ ಬಂದಲ್ಲಿ ಏಳು ದಿನಗಳೊಳಗೆ 1909ಕ್ಕೆ ದೂರು ನೀಡಬೇಕು. ಕರೆ ಬಂದ ಸಂಖ್ಯೆ, ದಿನಾಂಕ ಮತ್ತು ಮಾತಿನ ಸಾರಾಂಶವನ್ನು ತಿಳಿಸುವುದು ಅವಶ್ಯ. ಸಾಮಾನ್ಯ ದೂರವಾಣಿ ಸಂಖ್ಯೆಯಿಂದ ವಾಣಿಜ್ಯ ಕರೆ ಮಾಡುವ ನೋಂದಾಯಿಸದ ಮಾರಾಟಗಾರರ ವಿರುದ್ಧ, ಚಂದಾದಾರರು ಮುಂಚಿತವಾಗಿ ನೋಂದಣಿ ಮಾಡಿಸದಿದ್ದರೂ ದೂರು ನೀಡಬಹುದೆಂದು 2025ರ ತಿದ್ದುಪಡಿಯು ಅವಕಾಶ ಕಲ್ಪಿಸಿದೆ. ಇಂತಹವರ ತಪ್ಪು ಸಾಬೀತಾದಲ್ಲಿ ಮೊದಲ ಬಾರಿಗೆ ಹದಿನೈದು ದಿನ ಅವರ ಹೊರಹೋಗುವ ಕರೆಗಳನ್ನು ತಡೆಹಿಡಿಯಲಾಗುತ್ತದೆ. ತಪ್ಪು ಮರುಕಳಿಸಿದಲ್ಲಿ ಅವರ ಎಲ್ಲ ಸಂಪರ್ಕಗಳನ್ನೂ ಒಂದು ವರ್ಷದವರೆಗೆ ಕಡಿತಗೊಳಿಸಲಾಗುತ್ತದೆ.

ಗಮನಿಸಿ: 1909ರ ನೋಂದಣಿಯು ವಾಣಿಜ್ಯ ಕರೆಗಳಿಗೆ ಮಾತ್ರ ಸಂಬಂಧಿಸಿದೆ. ಅಶ್ಲೀಲ ಅಥವಾ ಬೆದರಿಕೆಯ ಕರೆಗಳು ಇದರಿಂದ ನಿಲ್ಲುವುದಿಲ್ಲ. ಅಂತಹ ಕರೆಗಳಿಗಾಗಿ ನೋಂದಣಿ ಮಾಡಿಸಿ ಕಾಯುತ್ತಾ ಕುಳಿತರೆ ಅಮೂಲ್ಯ ಸಮಯ ವ್ಯರ್ಥವಾಗುತ್ತದೆ.

4. ವಂಚನೆಯ ಕರೆಗಳು

ಪಿಂಚಣಿ ನಿಂತುಹೋಗುತ್ತದೆ, ಕಬ್ಬಿನ ಬಾಕಿ ಹಣ ಜಮೆ ಮಾಡಲು ಖಾತೆಯ ವಿವರ ಬೇಕು, ದೂರವಾಣಿ ಸಂಪರ್ಕ ಇಂದೇ ಕಡಿತವಾಗುತ್ತದೆ ಎಂಬಂತಹ ನೆಪಗಳನ್ನು ಹೇಳಿ ಬ್ಯಾಂಕ್ ವಿವರ ಅಥವಾ ಒಟಿಪಿ ಕೇಳಿದಲ್ಲಿ ಉತ್ತರಿಸದೆ ಕರೆಯನ್ನು ಮುಗಿಸತಕ್ಕದ್ದು. ಪೊಲೀಸ್ ಅಧಿಕಾರಿಗಳೆಂದು ಹೇಳಿಕೊಂಡು "ಡಿಜಿಟಲ್ ಬಂಧನ"ದ ಹೆದರಿಕೆ ಹಾಕುವವರೂ ಉಂಟು. ಭಾರತದ ಯಾವ ಕಾನೂನಿನಲ್ಲಿಯೂ ಅಂತಹ ಬಂಧನವಿಲ್ಲ.

ಹಣ ಕಳೆದುಕೊಂಡಿದ್ದಲ್ಲಿ ಒಡನೆಯೇ 1930ಕ್ಕೆ ಕರೆ ಮಾಡುವುದು. ತಡವಾದಷ್ಟೂ ಹಣ ಬೇರೆ ಖಾತೆಗಳಿಗೆ ವರ್ಗವಾಗಿ ಅದನ್ನು ತಡೆಹಿಡಿಯುವುದು ಕಷ್ಟವಾಗುತ್ತದೆ. ಮಂಡ್ಯದ ಸಿಇಎನ್ ಪೊಲೀಸ್ ಠಾಣೆಯಲ್ಲಿಯೂ ದೂರು ನೀಡಬಹುದು. ಹಣ ಹೋಗಿರದಿದ್ದರೂ ಅನುಮಾನಾಸ್ಪದ ಕರೆಯ ಮಾಹಿತಿಯನ್ನು, ಕೇಂದ್ರ ದೂರಸಂಪರ್ಕ ಇಲಾಖೆಯು 2024ರಲ್ಲಿ ಸಂಚಾರ್ ಸಾಥಿ ಜಾಲತಾಣದಲ್ಲಿ ಆರಂಭಿಸಿದ "ಚಕ್ಷು" ಸೌಲಭ್ಯದ ಮೂಲಕ ಸಲ್ಲಿಸಲು ಅವಕಾಶವಿದೆ.

5. ಅಶ್ಲೀಲ, ಬೆದರಿಕೆ ಹಾಗೂ ಕಿರುಕುಳದ ಕರೆಗಳು

ಇವು ಅಪರಾಧಗಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕೆಳಕಂಡ ಕಲಂಗಳು ಇವುಗಳಿಗೆ ಅನ್ವಯವಾಗಬಹುದು.

• ಕಲಂ 78: ಮಹಿಳೆಯು ಸ್ಪಷ್ಟವಾಗಿ ನಿರಾಸಕ್ತಿ ತೋರಿದ ಮೇಲೂ ಪುರುಷನು ಆಕೆಯನ್ನು ಪದೇ ಪದೇ ಸಂಪರ್ಕಿಸುವುದು. ಮೊದಲ ಬಾರಿಗೆ ಮೂರು ವರ್ಷಗಳವರೆಗೆ ಶಿಕ್ಷೆ.
• ಕಲಂ 79: ಮಹಿಳೆಯ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಆಡುವ ಮಾತು. ಮೂರು ವರ್ಷಗಳವರೆಗೆ ಶಿಕ್ಷೆ.
• ಕಲಂ 351: ಅಪರಾಧಿಕ ಬೆದರಿಕೆ. ಹೆಸರು ಮರೆಮಾಚಿ ಬೆದರಿಕೆ ಹಾಕಿದಲ್ಲಿ ಹೆಚ್ಚುವರಿಯಾಗಿ ಎರಡು ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದು.

ಚಂದಾದಾರರು ಅನುಸರಿಸಬೇಕಾದ ಕ್ರಮ:

(i) ದೂರವಾಣಿಯ ಬಳಿ ಒಂದು ಪುಸ್ತಕವಿಟ್ಟು ಪ್ರತಿ ಕರೆಯ ದಿನಾಂಕ, ನಿಖರ ವೇಳೆ, ಕಂಡುಬಂದ ಸಂಖ್ಯೆ ಮತ್ತು ಮಾತಿನ ಸಾರಾಂಶವನ್ನು ಬರೆಯುವುದು. ಮಾತಿಲ್ಲದ ಕರೆಗಳನ್ನೂ ಬಿಡದೆ ದಾಖಲಿಸುವುದು.
(ii) ಕರೆ ಮಾಡಿದವರ ಸಂಖ್ಯೆ ತೋರಿಸುವ ಸಿಎಲ್‌ಐ ಸೌಲಭ್ಯ ಇಲ್ಲದಿದ್ದಲ್ಲಿ ಅದಕ್ಕಾಗಿ ದೂರವಾಣಿ ಸಂಸ್ಥೆಗೆ ಅರ್ಜಿ ನೀಡಿ, ಸಂಖ್ಯೆ ಮೂಡುವ ಪರದೆಯುಳ್ಳ ಉಪಕರಣವನ್ನು ಅಳವಡಿಸಿಕೊಳ್ಳುವುದು.
(iii) ಕರೆ ಮಾಡುವವರೊಂದಿಗೆ ವಾದಕ್ಕಿಳಿಯದಿರುವುದು. ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ತಿಳಿಸದಿರುವುದು.
(iv) ಬರೆದಿಟ್ಟ ವಿವರಗಳ ಪ್ರತಿಯೊಂದಿಗೆ ವಾಸಸ್ಥಳದ ಪೊಲೀಸ್ ಠಾಣೆಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯುವುದು. ತತ್‌ಕ್ಷಣದ ಅಪಾಯವಿದ್ದಲ್ಲಿ 112ಕ್ಕೆ ಕರೆ ಮಾಡುವುದು.

ನಿಖರ ವೇಳೆ ಬರೆಯುವುದಕ್ಕೆ ಕಾರಣವಿದೆ. ಪರದೆಯ ಮೇಲೆ ಸಂಖ್ಯೆ ಮೂಡದಿದ್ದರೂ ಕರೆ ಎಲ್ಲಿಂದ ಬಂತೆಂಬ ವಿವರ ದೂರವಾಣಿ ಸಂಸ್ಥೆಯ ದಾಖಲೆಯಲ್ಲಿರುತ್ತದೆ. ಈ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಕಾಪಾಡಬೇಕೆಂದು 2021ರಲ್ಲಿ ಪರವಾನಗಿ ಷರತ್ತನ್ನು ತಿದ್ದುಪಡಿ ಮಾಡಲಾಗಿದೆ. ಆದರೆ ಅನ್ಯರ ಖಾಸಗಿತನಕ್ಕೆ ಸಂಬಂಧಿಸಿದ ಕಾರಣ ಕರೆ ಮಾಡಿದವರ ಹೆಸರು, ವಿಳಾಸಗಳನ್ನು ಚಂದಾದಾರರಿಗೆ ನೇರವಾಗಿ ನೀಡಲಾಗುವುದಿಲ್ಲ. ತನಿಖೆಗಾಗಿ ಪೊಲೀಸರು ಕಾನೂನುರೀತ್ಯಾ ಕೇಳಿದಾಗ ಒದಗಿಸಲಾಗುತ್ತದೆ. ವೇಳೆ ಸರಿಯಾಗಿದ್ದರೆ ದಾಖಲೆಯಲ್ಲಿ ಆ ಕರೆಯನ್ನು ಗುರುತಿಸುವುದು ಸುಲಭ.

ದೂರಿನಿಂದ ಸಂಜ್ಞೇಯ ಅಪರಾಧ ಕಂಡುಬಂದಲ್ಲಿ ಪ್ರಥಮ ವರ್ತಮಾನ ವರದಿ ದಾಖಲಿಸಿ ಅದರ ಪ್ರತಿಯನ್ನು ಉಚಿತವಾಗಿ ನೀಡಬೇಕು. ಅಸಂಜ್ಞೇಯ ಅಪರಾಧವಾದಲ್ಲಿ ಸಾರಾಂಶವನ್ನು ದಾಖಲಿಸಿ ದೂರುದಾರರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳುಹಿಸಲಾಗುತ್ತದೆ. ಸಂಜ್ಞೇಯ ಅಪರಾಧದ ದೂರನ್ನು ಠಾಣೆಯಲ್ಲಿ ದಾಖಲಿಸಲು ನಿರಾಕರಿಸಿದರೆ ದೂರಿನ ಸಾರಾಂಶವನ್ನು ಅಂಚೆಯ ಮೂಲಕ ಮಂಡ್ಯದ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು.

6. ದೂರವಾಣಿ ಸಂಸ್ಥೆಯಿಂದ ಪರಿಹಾರ ದೊರೆಯದಿದ್ದಲ್ಲಿ

ಸಿಎಲ್‌ಐ ಸೌಲಭ್ಯ ಅಥವಾ ಸಂಖ್ಯೆ ಬದಲಾವಣೆಯಂತಹ ಸೇವೆಗಳ ಬಗ್ಗೆ ಮೊದಲು ಸಂಸ್ಥೆಯ ದೂರು ಕೇಂದ್ರದಲ್ಲಿ ದೂರು ದಾಖಲಿಸಿ ಡಾಕೆಟ್ ಸಂಖ್ಯೆ ಪಡೆಯಬೇಕು. ಪರಿಹಾರ ತೃಪ್ತಿಕರವಾಗಿರದಿದ್ದಲ್ಲಿ ಮೂವತ್ತು ದಿನಗಳೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದು. ಅದನ್ನು ಮೂವತ್ತೊಂಬತ್ತು ದಿನಗಳಲ್ಲಿ ಇತ್ಯರ್ಥಪಡಿಸಬೇಕೆಂಬ ನಿಯಮವಿದೆ. ಸಂಖ್ಯೆ ಬದಲಾವಣೆಯನ್ನು ಕೊನೆಯ ಉಪಾಯವೆಂದು ಭಾವಿಸುವುದು ಒಳಿತು; ಬಂಧುಗಳು, ಬ್ಯಾಂಕು, ಆಸ್ಪತ್ರೆ ಎಲ್ಲರಿಗೂ ಹೊಸ ಸಂಖ್ಯೆ ತಿಳಿಸಬೇಕಾಗುತ್ತದೆ.

7. ನೆರವಿನ ಸಂಖ್ಯೆಗಳು

ವಾಣಿಜ್ಯ ಕರೆಗಳು: 1909
ತುರ್ತು ನೆರವು: 112
ಸೈಬರ್ ಹಣಕಾಸು ವಂಚನೆ: 1930
ಮಹಿಳಾ ಸಹಾಯವಾಣಿ: 181
ಹಿರಿಯ ನಾಗರಿಕರ ಸಹಾಯವಾಣಿ: 14567
ಕಾನೂನು ನೆರವು: 15100

ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಡಿ ಉಚಿತ ಕಾನೂನು ನೆರವಿಗೆ ಅರ್ಹರಾಗಿರುತ್ತಾರೆ. ಇದಕ್ಕಾಗಿ ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದು. ಮನೆಯ ಹಿರಿಯರಿಗೆ ಕಾಣುವಂತೆ ಮೇಲ್ಕಂಡ ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ದೂರವಾಣಿಯ ಪಕ್ಕದಲ್ಲಿ ಅಂಟಿಸಿಡಲು ಕೋರಲಾಗಿದೆ.