ಸಿಡಿಲು ಮಳೆಯ ನಂತರ ಪಂಪ್‌ಸೆಟ್ ಚಾಲೂ ಆಗದಿದ್ದರೆ

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಮಾತು ರೈತರಲ್ಲಿ ರೂಢಿಯಲ್ಲಿದೆ. ಆದರೆ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳು ಗುಡುಗು ಸಿಡಿಲುಗಳನ್ನು ಜೊತೆಗೆ ತರುವ ಮಳೆಗಳು. ಏಪ್ರಿಲ್, ಮೇ ತಿಂಗಳುಗಳಲ್ಲಿ ಒಂದು ಸಂಜೆ ಇಂಥ ಮಳೆ ಬಂದು ಹೋದ ಮರುದಿನ ಪಂಪ್‌ಸೆಟ್ ಚಾಲೂ ಆಗದಿರುವುದು ಅಪರೂಪವೇನಲ್ಲ. ಬಿದ್ದ ಮಳೆ ನೆಲದ ಮೇಲ್ಪದರವನ್ನು ತೋಯಿಸಿರುತ್ತದೆಯೇ ಹೊರತು, ಕಾಯಿ ಕಟ್ಟುತ್ತಿರುವ ಬೇಸಿಗೆ ಶೇಂಗಾ ಬೆಳೆಗಾಗಲೀ ಹೂ ಬಿಟ್ಟಿರುವ ಟೊಮೇಟೊಗಾಗಲೀ ಅನೇಕ ವೇಳೆ ಸಾಲುವಷ್ಟಿರುವುದಿಲ್ಲ. ನಾಲ್ಕೈದು ದಿನ ನೀರು ತಪ್ಪಿದರೆ ಅಲ್ಲಿಯವರೆಗಿನ ಖರ್ಚು ಮತ್ತು ದುಡಿಮೆ ಎರಡಕ್ಕೂ ಪೆಟ್ಟು ಬೀಳುತ್ತದೆ.

ಇಂಥ ಸಮಯದಲ್ಲಿ ಅನೇಕರು ಮೋಟಾರು ಸುಟ್ಟಿದೆ ಎಂದು ನಿರ್ಧರಿಸಿ, ಕೊಳವೆ ಬಾವಿಯಿಂದ ಅದನ್ನು ಮೇಲೆತ್ತಿಸಲು ಆಳುಗಳನ್ನು ಹುಡುಕಲು ಹೊರಡುತ್ತಾರೆ. ನೂರಾರು ಅಡಿ ಆಳದಿಂದ ಪೈಪು, ಕೇಬಲ್ಲು, ಮೋಟಾರುಗಳನ್ನು ಎತ್ತಿ ಮತ್ತೆ ಇಳಿಸುವುದು ಹಣದ ಮತ್ತು ದಿನಗಳ ಖರ್ಚು. ದೋಷವು ಮೇಲಿನ ಸ್ಟಾರ್ಟರ್ ಪೆಟ್ಟಿಗೆಯಲ್ಲೇ ಇದ್ದಿದ್ದರೆ ಈ ಖರ್ಚೆಲ್ಲ ವ್ಯರ್ಥ. ಆದಕಾರಣ ದೋಷವನ್ನು ಕ್ರಮವಾಗಿ, ಮೇಲಿನಿಂದ ಕೆಳಕ್ಕೆ ಹುಡುಕುವ ವಿಧಾನವನ್ನು ಪಂಪ್‌ಸೆಟ್ ಇರುವ ಪ್ರತಿಯೊಬ್ಬ ರೈತನೂ ತಿಳಿದಿರುವುದು ಒಳ್ಳೆಯದು.

ವಿದ್ಯುತ್ ಒತ್ತಡ ಏರುವುದು ಹೇಗೆ?

ಪಂಪ್‌ಸೆಟ್‌ಗೆ ಬರುವ ಮೂರು ಫೇಸುಗಳಲ್ಲಿ ಯಾವ ಎರಡರ ನಡುವೆಯಾದರೂ ಸುಮಾರು 415 ವೋಲ್ಟ್, ಒಂದು ಫೇಸು ಮತ್ತು ನ್ಯೂಟ್ರಲ್ ನಡುವೆ ಸುಮಾರು 240 ವೋಲ್ಟ್ ಇರಬೇಕು. ಲೈನಿನ ಮೇಲೆ ಅಥವಾ ಅದರ ಸಮೀಪದಲ್ಲಿ ಸಿಡಿಲು ಹೊಡೆದಾಗ ಈ ಒತ್ತಡವು ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ವೋಲ್ಟಿಗೆ ಏರಿ ಇಳಿಯುತ್ತದೆ. ಗಾಳಿಗೆ 11,000 ವೋಲ್ಟಿನ ತಂತಿ ಹರಿದು ಕೆಳಗಿನ ಲೈನಿಗೆ ತಗುಲಿದರೂ ಹೀಗೆಯೇ ಆಗುತ್ತದೆ. ಟಿ.ಸಿ. ಬಳಿ ನ್ಯೂಟ್ರಲ್ ತಂತಿ ಕಡಿದುಹೋದರೆ, 240 ವೋಲ್ಟ್ ಇರಬೇಕಾದ ಕೆಲವು ಕಡೆ ಒತ್ತಡ 400 ವೋಲ್ಟಿನ ಸಮೀಪಕ್ಕೆ ಹೋಗಿ ದೀಪ, ಟಿ.ವಿ. ಮುಂತಾದವು ಸುಡುತ್ತವೆ. ಮೂರು ಫೇಸಿನ ಮೋಟಾರಿಗೆ ನ್ಯೂಟ್ರಲ್ ಬೇಕಿಲ್ಲವಾದ್ದರಿಂದ ಅದು ಉಳಿದು, ನ್ಯೂಟ್ರಲ್‌ಗೆ ಜೋಡಿಸಿರುವ ಸ್ಟಾರ್ಟರಿನ ಬಿಡಿಭಾಗಗಳು ಮಾತ್ರ ಸುಟ್ಟಿರಬಹುದು.

ಒತ್ತಡ ಏರಿದಾಗ ಸಾಮಾನ್ಯವಾಗಿ ಮೊದಲು ಹಾಳಾಗುವುದು ಸೂಕ್ಷ್ಮವಾದ ಎಲೆಕ್ಟ್ರಾನಿಕ್ ಭಾಗಗಳು. ಅಂದರೆ ಆಟೋ ಸ್ಟಾರ್ಟರ್, ಮೊಬೈಲಿನಿಂದ ಚಾಲೂ ಮಾಡುವ ಸಾಧನ, ಸಿಂಗಲ್ ಫೇಸ್ ಪ್ರಿವೆಂಟರ್. ಅನಂತರ ಸ್ಟಾರ್ಟರಿನ ಕಾಯಿಲ್ ಮತ್ತು ಕೆಪಾಸಿಟರ್. ಮೋಟಾರಿನ ವೈಂಡಿಂಗ್ ಇವುಗಳಿಗಿಂತ ಗಟ್ಟಿ. ಆದರೆ ಸಿಡಿಲು ತೀರ ಹತ್ತಿರ ಹೊಡೆದಿದ್ದಲ್ಲಿ ಈ ಕ್ರಮವನ್ನು ನಂಬುವಂತಿಲ್ಲ.

ಮೊದಲು ಜೀವ, ಅನಂತರ ಮೋಟಾರು

ಮಳೆ ಬಂದ ನೆಲ ಹಸಿಯಾಗಿರುತ್ತದೆ. ಸಿಡಿಲಿನಿಂದ ಸ್ಟಾರ್ಟರಿನ ಒಳಗಿನ ಇನ್ಸುಲೇಷನ್ ಸುಟ್ಟಿದ್ದರೆ ಕಬ್ಬಿಣದ ಪೆಟ್ಟಿಗೆಗೇ ವಿದ್ಯುತ್ ಹರಿದಿರಬಹುದು. ಆದುದರಿಂದ:

1. ಬರಿಗಾಲಿನಲ್ಲಿ ಪೆಟ್ಟಿಗೆಯ ಬಳಿ ಹೋಗಬಾರದು. ಒಣಗಿದ ರಬ್ಬರ್ ಚಪ್ಪಲಿ ಹಾಕಿ, ಒಣ ಹಲಗೆಯ ಮೇಲೆ ನಿಂತು, ಪೆಟ್ಟಿಗೆಯನ್ನು ಮುಟ್ಟುವ ಮೊದಲು ಟೆಸ್ಟರಿನಿಂದ ಪರೀಕ್ಷಿಸಬೇಕು. ಟೆಸ್ಟರ್ ಉರಿದರೆ ಮುಂದುವರಿಯದೆ ಲೈನ್‌ಮನ್‌ಗೆ ತಿಳಿಸಬೇಕು.

2. ಪೆಟ್ಟಿಗೆ ತೆರೆಯುವ ಮೊದಲು ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸುಗಳನ್ನು ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಆಟೋ ಸ್ಟಾರ್ಟರ್ ಇರುವಲ್ಲಿ ಇದು ಅತ್ಯವಶ್ಯಕ. ಕರೆಂಟು ಬಂದ ಕೂಡಲೇ ಅದು ತಾನಾಗಿಯೇ ಚಾಲೂ ಆಗುತ್ತದೆ. ಮೇನ್ ಸ್ವಿಚ್ ಇಳಿಸಿದರೂ ಅದರ ಮೇಲ್ಭಾಗದ ತಂತಿಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ ಎಂಬುದನ್ನು ಮರೆಯಬಾರದು.

3. ಕೆಪಾಸಿಟರ್ ಸ್ವಿಚ್ ಇಳಿಸಿದ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಅದರ ತುದಿಗಳನ್ನು ಮುಟ್ಟಕೂಡದು.

4. ಟಿ.ಸಿ.ಯ ಫ್ಯೂಸನ್ನು ಲೈನ್‌ಮನ್ ಹೊರತು ಬೇರೆ ಯಾರೂ ಹಾಕಬಾರದು. ತಂತಿ ಹರಿದು ಬಿದ್ದಿದ್ದರೆ ಜನ, ದನಗಳನ್ನು ದೂರವಿರಿಸಿ, ಆರ್.ಆರ್. ನಂಬರ್ ಹೇಳಿ 1912ಕ್ಕೆ ದೂರು ಕೊಡಬೇಕು.

ಕಣ್ಣು ಮತ್ತು ಮೂಗಿನ ಪರೀಕ್ಷೆ

ವಿದ್ಯುತ್ ಕಡಿದ ಮೇಲೆ ಪೆಟ್ಟಿಗೆಯ ಒಳಗನ್ನು ನಿಧಾನವಾಗಿ ನೋಡಬೇಕು. ಸುಟ್ಟ ವಾಸನೆ, ಕಪ್ಪಾದ ತಂತಿ, ಕರಗಿದ ಪ್ಲಾಸ್ಟಿಕ್, ಉಬ್ಬಿದ ಅಥವಾ ಎಣ್ಣೆ ಸೋರಿದ ಕೆಪಾಸಿಟರ್, ಸಡಿಲವಾದ ಜೋಡಣೆ ಇವು ದೋಷದ ಗುರುತುಗಳು. ಕಾಂಟ್ಯಾಕ್ಟುಗಳ ನಡುವೆ ಸಿಕ್ಕಿ ಸತ್ತ ಹಲ್ಲಿ ಅಥವಾ ಇರುವೆಗಳೂ ಸ್ಟಾರ್ಟರ್ ಹಿಡಿಯದಂತೆ ಮಾಡುತ್ತವೆ. ಯಾವ ಭಾಗ ಸುಟ್ಟಿದೆ ಎಂಬುದನ್ನು ಗುರುತು ಮಾಡಿಕೊಂಡರೆ ಎಲೆಕ್ಟ್ರಿಷಿಯನ್ ಬಂದಾಗ ಸಮಯ ಉಳಿಯುತ್ತದೆ.

ಲಕ್ಷಣ ನೋಡಿ ದೋಷ ತಿಳಿಯುವುದು

ಬೆಳೆಯ ರೋಗವನ್ನು ಎಲೆಯ ಮೇಲಿನ ಚುಕ್ಕೆ ನೋಡಿ ಗುರುತಿಸುವಂತೆ, ಪಂಪ್‌ಸೆಟ್‌ನ ದೋಷವನ್ನೂ ಅದರ ವರ್ತನೆಯಿಂದ ಬಹುಮಟ್ಟಿಗೆ ಗುರುತಿಸಬಹುದು.

ಗುಂಡಿ ಒತ್ತಿದರೆ ಯಾವ ಸದ್ದೂ ಇಲ್ಲ: ಮೊದಲು ಮೂರೂ ಫೇಸುಗಳು ಬರುತ್ತಿವೆಯೇ ಎಂದು ವೋಲ್ಟ್ ಮೀಟರಿನಲ್ಲಿ ನೋಡಬೇಕು. ಟೆಸ್ಟರಿನ ಬೆಳಕೊಂದನ್ನೇ ನಂಬಬಾರದು. ಅಕ್ಕಪಕ್ಕದ ಮೋಟಾರುಗಳು ಓಡುತ್ತಿದ್ದರೆ ಸತ್ತ ಫೇಸಿನಲ್ಲಿಯೂ ಟೆಸ್ಟರ್ ಉರಿಯುವುದುಂಟು. ಮೂರೂ ಫೇಸುಗಳು ಸರಿಯಿದ್ದರೆ ಫ್ಯೂಸ್, ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಪ್ರಿವೆಂಟರ್, ಸ್ಟಾರ್ಟರಿನ ಕಾಯಿಲ್ ಇವುಗಳಲ್ಲಿ ಒಂದರಲ್ಲಿ ದೋಷವಿರುತ್ತದೆ. ರಿಲೇ ಬಿದ್ದಿದ್ದರೆ ಕೆಲವು ನಿಮಿಷ ತಣ್ಣಗಾಗಲು ಬಿಟ್ಟು ಅದರ ಗುಂಡಿಯನ್ನು ಒಂದು ಸಲ ಮಾತ್ರ ಒತ್ತಿ ನೋಡಬಹುದು. ಮತ್ತೆ ಬಿದ್ದರೆ ಬೇರೆ ಕಾರಣವಿದೆ ಎಂದೇ ಅರ್ಥ.

ಒತ್ತಿ ಹಿಡಿದಷ್ಟು ಹೊತ್ತು ಓಡಿ, ಬಿಟ್ಟ ಕೂಡಲೇ ನಿಲ್ಲುತ್ತದೆ: ಇಲ್ಲಿ ಮೋಟಾರು ಸರಿಯಿರುವ ಸಂಭವವೇ ಹೆಚ್ಚು. ಹಿಡಿಕೆ ಎತ್ತುವ ಹಳೆಯ ಮಾದರಿಯ ಸ್ಟಾರ್ಟರಿನಲ್ಲಿ ನೋ ವೋಲ್ಟ್ ಕಾಯಿಲ್ ಸುಟ್ಟಿರಬಹುದು. ಗುಂಡಿ ಒತ್ತುವ ಮಾದರಿಯಲ್ಲಿ, ಗುಂಡಿ ಬಿಟ್ಟ ಮೇಲೂ ಕಾಯಿಲಿಗೆ ವಿದ್ಯುತ್ ಒದಗಿಸುವ ಸಣ್ಣ ಕಾಂಟ್ಯಾಕ್ಟ್ ಕೆಟ್ಟಿರಬಹುದು. ಎರಡೂ ಮೇಲೆಯೇ ಸರಿಪಡಿಸಬಹುದಾದ ದೋಷಗಳು.

ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ: ಕೂಡಲೇ ಆಫ್ ಮಾಡಬೇಕು. ಒಂದು ಫೇಸು ಇಲ್ಲದಿರುವುದೇ ಇದಕ್ಕೆ ಮುಖ್ಯ ಕಾರಣ. ಟಿ.ಸಿ.ಯಲ್ಲಿ ಒಂದು ಫ್ಯೂಸ್ ಹೋಗಿರಬಹುದು ಅಥವಾ ಸ್ಟಾರ್ಟರಿನ ಒಂದು ಕಾಂಟ್ಯಾಕ್ಟ್ ಸುಟ್ಟಿರಬಹುದು. ಈ ಸ್ಥಿತಿಯಲ್ಲಿ ಬಿಟ್ಟರೆ, ಸಿಡಿಲಿನಿಂದ ಉಳಿದಿದ್ದ ಮೋಟಾರು ಕೆಲವೇ ನಿಮಿಷಗಳಲ್ಲಿ ಸುಡುತ್ತದೆ. ಮೂರೂ ಫೇಸು ಮೋಟಾರಿನವರೆಗೆ ತಲುಪುತ್ತಿದ್ದೂ ತಿರುಗದಿದ್ದರೆ ಪಂಪು ಮರಳಿನಿಂದ ಬಿಗಿದಿರಬಹುದು ಅಥವಾ ವೈಂಡಿಂಗ್ ಒಂದು ಕಡೆ ಕಡಿದಿರಬಹುದು. ಒಂದೇ ಫೇಸಿನ ಸಣ್ಣ ಮೋಟಾರುಗಳಲ್ಲಿ ಮಾತ್ರ ಕೆಪಾಸಿಟರ್ ಹೋದರೂ ಇದೇ ಲಕ್ಷಣ ಕಾಣುತ್ತದೆ.

ಆನ್ ಮಾಡಿದೊಡನೆ ಫ್ಯೂಸ್ ಹಾರುತ್ತದೆ: ಕೆಪಾಸಿಟರ್, ಕೇಬಲ್ ಅಥವಾ ವೈಂಡಿಂಗ್ ಒಳಗೊಳಗೇ ಕೂಡಿಕೊಂಡಿದೆ ಎಂದು ತಿಳಿಯಬೇಕು. ಎಲೆಕ್ಟ್ರಿಷಿಯನ್ ಮೊದಲು ಕೆಪಾಸಿಟರನ್ನು ಬೇರ್ಪಡಿಸಿ ನೋಡಬೇಕು. ಮೂರು ಫೇಸಿನ ಮೋಟಾರು ಅದಿಲ್ಲದೆಯೂ ಚಾಲೂ ಆಗುತ್ತದೆ. ಆಗಲೂ ಫ್ಯೂಸ್ ಹಾರಿದರೆ ಕೇಬಲ್ ಮತ್ತು ಮೋಟಾರನ್ನು ಪರೀಕ್ಷಿಸಬೇಕಾಗುತ್ತದೆ.

ಓಡುತ್ತದೆ, ನೀರು ಮಾತ್ರ ಬಾರದು ಅಥವಾ ತೀರ ಕಡಿಮೆ: ಹರಿದ ಲೈನನ್ನು ಮತ್ತೆ ಜೋಡಿಸುವಾಗ ಎರಡು ಫೇಸುಗಳು ಅದಲುಬದಲಾಗಿ ಮೋಟಾರು ಹಿಮ್ಮುಖವಾಗಿ ತಿರುಗುತ್ತಿರಬಹುದು. ಸ್ಟಾರ್ಟರಿಗೆ ಬರುವ ಯಾವುದಾದರೂ ಎರಡು ಫೇಸುಗಳನ್ನು ಅದಲುಬದಲು ಮಾಡಿಸಿದರೆ ಸರಿಹೋಗುತ್ತದೆ.

ಮೋಟಾರನ್ನು ಮೇಲೆತ್ತುವ ಮೊದಲು

ಮೇಲಿನ ಪರೀಕ್ಷೆಗಳಲ್ಲಿ ದೋಷ ಸಿಗದಿದ್ದಾಗ ಮಾತ್ರ ಕೊಳವೆ ಬಾವಿಯತ್ತ ತಿರುಗಬೇಕು. ಆಗಲೂ ಎತ್ತುವ ಮುನ್ನ ಎರಡು ಪರೀಕ್ಷೆಗಳನ್ನು ಮಾಡಿಸಬೇಕು. ಎರಡಕ್ಕೂ ಮೋಟಾರಿನ ಕೇಬಲ್ಲನ್ನು ಸ್ಟಾರ್ಟರಿನಿಂದ ಪೂರ್ತಿ ಬಿಚ್ಚಿರಬೇಕು.

ಮೊದಲನೆಯದು ಮೆಗ್ಗರ್ ಪರೀಕ್ಷೆ. 500 ವೋಲ್ಟಿನ ಮೆಗ್ಗರ್‌ನಿಂದ ಕೇಬಲ್ ಮತ್ತು ಭೂಮಿಯ ನಡುವಿನ ಇನ್ಸುಲೇಷನ್ ಅಳೆದಾಗ ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಕೇಬಲ್ ಅಥವಾ ವೈಂಡಿಂಗ್ ದುರ್ಬಲವಾಗಿದೆ ಎಂದು ತಿಳಿಯಬೇಕು; ಸೊನ್ನೆಯ ಸಮೀಪ ಬಂದರೆ ಮೇಲೆತ್ತದೆ ಗತಿಯಿಲ್ಲ. ಕೇಬಲ್ ಬಿಚ್ಚದೆ ಮೆಗ್ಗರ್ ಹಾಕಿದರೆ ಉಳಿದಿರುವ ಎಲೆಕ್ಟ್ರಾನಿಕ್ ಸಾಧನಗಳೂ ಕೆಡುತ್ತವೆ.

ಎರಡನೆಯದು ವೈಂಡಿಂಗ್ ಪರೀಕ್ಷೆ. ಮೂರು ತಂತಿಗಳಲ್ಲಿ ಎರಡೆರಡನ್ನು ಹಿಡಿದು ಮೀಟರಿನಲ್ಲಿ ಓಮ್ ಅಳೆದರೆ ಮೂರು ಸಲವೂ ಹೆಚ್ಚುಕಡಿಮೆ ಒಂದೇ ಅಳತೆ ಬರಬೇಕು. ಒಂದು ಬೇರೆಯಾಗಿ ಬಂದರೆ ವೈಂಡಿಂಗ್ ಅಥವಾ ನೀರಿನೊಳಗಿನ ಕೇಬಲ್ ಜೋಡಣೆ ಕೆಟ್ಟಿದೆ ಎಂದರ್ಥ. ಸ್ಟಾರ್ ಡೆಲ್ಟಾ ಮೋಟಾರಿನ ಆರು ತಂತಿಗಳನ್ನು ಅವುಗಳ ಮೂರು ಜೋಡಿಗಳಲ್ಲಿ ಅಳೆಯಬೇಕು. ಮೋಟಾರನ್ನು ಮೇಲೆತ್ತಿದ ಮೇಲೆ ಜೋಡಣೆಯನ್ನು ಬಿಚ್ಚಿ ಮೋಟಾರನ್ನೇ ಪ್ರತ್ಯೇಕವಾಗಿ ಅಳೆಯಿಸಿ, ಅನಂತರವಷ್ಟೇ ರಿವೈಂಡಿಂಗ್‌ಗೆ ಒಪ್ಪಬೇಕು. ಜೋಡಣೆಯೊಂದೇ ಹೋಗಿದ್ದರೆ ರಿವೈಂಡಿಂಗ್ ಖರ್ಚು ಉಳಿಯುತ್ತದೆ.

ಮಾಡಬಾರದ ಕೆಲಸಗಳು

ನೀರಿನ ಆತುರದಲ್ಲಿ ಫ್ಯೂಸಿಗೆ ದಪ್ಪ ತಂತಿ ಹಾಕುವುದು, ರಿಲೇಗೆ ಕಡ್ಡಿ ಸಿಕ್ಕಿಸುವುದು, ಸುಟ್ಟ ಸಿಂಗಲ್ ಫೇಸ್ ಪ್ರಿವೆಂಟರನ್ನು ತಪ್ಪಿಸಿ ನೇರ ಜೋಡಿಸಿ ಹಾಗೆಯೇ ಬಿಡುವುದು ಇವು ಬಳಕೆಯಲ್ಲಿರುವ ಕೆಟ್ಟ ರೂಢಿಗಳು. ಮೂರು ಫೇಸಿನ ಮೋಟಾರು ಪೂರ್ಣ ಭಾರದಲ್ಲಿ ಒಂದು ಅಶ್ವಶಕ್ತಿಗೆ ಸುಮಾರು ಒಂದೂವರೆ ಆಂಪಿಯರ್ ಎಳೆಯುತ್ತದೆ. ಕೊಳವೆ ಬಾವಿಯ ಮೋಟಾರು ಇನ್ನೂ ತುಸು ಹೆಚ್ಚು ಎಳೆಯುತ್ತದೆ. ಅದಕ್ಕೆ ತಕ್ಕಂತೆ, ಮೋಟಾರಿನ ಫಲಕದ ಮೇಲೆ ಬರೆದಿರುವ ಆಂಪಿಯರ್ ನೋಡಿ ರಿಲೇ ಇಟ್ಟಿರುತ್ತಾರೆ. ಅದನ್ನು ಕಟ್ಟಿಹಾಕಿದರೆ ಮುಂದಿನ ದೋಷಕ್ಕೆ ನೇರವಾಗಿ ಮೋಟಾರೇ ಬಲಿ.

ದುರಸ್ತಿಯಾಗುವವರೆಗೆ ಬೆಳೆಯ ರಕ್ಷಣೆ

ಪಂಪು ನಿಂತ ದಿನಗಳಲ್ಲಿ ಸಿಗುವ ಅಲ್ಪ ನೀರನ್ನು ಎಲ್ಲ ತಾಕುಗಳಿಗೂ ಹಂಚುವುದು ಜಾಣತನವಲ್ಲ. ನೀರಿನ ಕೊರತೆಯನ್ನು ಸಹಿಸದ ಹಂತದಲ್ಲಿರುವ ಬೆಳೆಗೆ ಮೊದಲ ಪಾಲು ಕೊಡಬೇಕು. ಶೇಂಗಾದಲ್ಲಿ ಹೂ ಬಿಟ್ಟು ಸೂಜಿಗಳು ಮಣ್ಣಿಗಿಳಿಯುವ ಮತ್ತು ಕಾಯಿ ಕಟ್ಟುವ ಹಂತ, ಮುಸುಕಿನ ಜೋಳದಲ್ಲಿ ಸೂಲಂಗಿ ಮತ್ತು ರೇಷ್ಮೆ ಬರುವ ಹಂತ, ಟೊಮೇಟೊದಲ್ಲಿ ಹೂ ಮತ್ತು ಕಾಯಿಯ ಹಂತ ಇಂಥವು. ಸಸಿಮಡಿಗಳಿಗೆ ಕೊಡದಿಂದಲಾದರೂ ನೀರು ಹಾಕಿ ಉಳಿಸಿಕೊಳ್ಳಬೇಕು.

ನೆರೆಯವರ ಬಾವಿಯಿಂದ ನೀರು ದೊರೆತರೆ ಸಾಲು ಬಿಟ್ಟು ಸಾಲಿಗೆ ಹಾಯಿಸಬಹುದು. ಕಳೆ ಕಿತ್ತು, ಅದನ್ನೂ ಒಣ ಹುಲ್ಲು, ತರಗುಗಳನ್ನೂ ಸಾಲುಗಳ ನಡುವೆ ಹೊದಿಸಿದರೆ ತೇವ ಆರುವುದು ನಿಧಾನವಾಗುತ್ತದೆ. ನೀರು ಖಚಿತವಾಗುವವರೆಗೆ ಯೂರಿಯಾ ಮೇಲುಗೊಬ್ಬರವನ್ನು ಮುಂದೂಡಬೇಕು. ಪಂಪು ಮತ್ತೆ ಚಾಲೂ ಆದಾಗ ಒಮ್ಮೆಲೇ ಹೊಲ ತುಂಬಿಸದೆ ಮೊದಲು ಹಗುರವಾಗಿ ನೀರು ಕೊಡಬೇಕು. ಒಣಗಿದ ಟೊಮೇಟೊ ಗಿಡಕ್ಕೆ ಒಮ್ಮೆಗೇ ಹೆಚ್ಚು ನೀರು ಕೊಟ್ಟರೆ ಹಣ್ಣು ಸೀಳುತ್ತದೆ.

ಮುಂದಿನ ಮಳೆಗೆ ಮುಂಜಾಗ್ರತೆ

ಮೋಡ ಕಟ್ಟಿ ದೂರದಲ್ಲಿ ಗುಡುಗು ಕೇಳಿಸಿದಾಗಲೇ ಪಂಪು ನಿಲ್ಲಿಸಿ ಮೇನ್ ಸ್ವಿಚ್ ಇಳಿಸಿ ಬರಬೇಕು. ಸಿಡಿಲು ಸಮೀಪಿಸಿದ ಮೇಲೆ ಸ್ವಿಚ್ ಇಳಿಸಲೆಂದು ಹೊಲಕ್ಕೆ ಓಡುವುದು ಅಪಾಯಕರ. ಮೋಟಾರು ಹೋದರೂ ಚಿಂತೆಯಿಲ್ಲ, ಮನೆಯಲ್ಲೇ ಇರಬೇಕು. ಮಳೆಗಾಲದಲ್ಲಿ ಆಟೋ ಸ್ಟಾರ್ಟರನ್ನು ರಾತ್ರಿಯಿಡೀ ಚಾಲೂ ಸ್ಥಿತಿಯಲ್ಲಿ ಬಿಡಬಾರದು.

ಒಳ್ಳೆಯ ಅರ್ಥಿಂಗ್ ಇಲ್ಲದ ಕಡೆ ಬೇರೆ ಯಾವ ರಕ್ಷಣೆಯೂ ಪೂರ್ಣ ಪ್ರಯೋಜನ ಕೊಡುವುದಿಲ್ಲ. ಕನಿಷ್ಠ 38 ಮಿ.ಮೀ. ಒಳವ್ಯಾಸದ, ಎರಡೂವರೆ ಮೀಟರ್ ಉದ್ದದ ಸತು ಲೇಪಿತ ಕಬ್ಬಿಣದ ಪೈಪನ್ನು ಹೂಳಿ, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿಸಿ, ಸ್ಟಾರ್ಟರ್ ಪೆಟ್ಟಿಗೆ ಹಾಗೂ ಮೋಟಾರಿಗೆ ಗಟ್ಟಿಯಾದ ತಂತಿಯಿಂದ ಜೋಡಿಸಬೇಕು. ಬೇಸಿಗೆಯಲ್ಲಿ ಈ ಗುಂಡಿಗೆ ಆಗಾಗ್ಗೆ ನೀರು ಹಾಕುತ್ತಿರಬೇಕು. ಇದರ ಜೊತೆಗೆ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಒತ್ತಡ ತಡೆಯುವ ಸರ್ಜ್ ಅರೆಸ್ಟರ್ ಮತ್ತು ಒಂದು ವೋಲ್ಟ್ ಮೀಟರ್ ಹಾಕಿಸುವುದು ಲಾಭದಾಯಕ. ಇವು ಹತ್ತಿರದ ಸಿಡಿಲಿನಿಂದ ಪೂರ್ಣ ರಕ್ಷಣೆ ಕೊಡಲಾರವಾದರೂ ದೂರದ ಸಿಡಿಲಿನ ಪೆಟ್ಟನ್ನು ಬಹಳಷ್ಟು ತಗ್ಗಿಸುತ್ತವೆ.

ಮೋಟಾರು ಸರಿಯಿರುವಾಗಲೇ ಅದರ ಮೆಗ್ಗರ್ ಅಳತೆ, ಮೂರು ಫೇಸುಗಳ ಓಮ್ ಹಾಗೂ ಆಂಪಿಯರ್‌ಗಳನ್ನು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಬದಿಯಲ್ಲಿ ದಿನಾಂಕದೊಂದಿಗೆ ಬರೆದಿಡುವುದು ಖರ್ಚಿಲ್ಲದ ಕೆಲಸ. ಮುಂದೆ ದೋಷ ಬಂದ ದಿನ ಹೊಸ ಅಳತೆಯನ್ನು ಹಳೆಯದರೊಡನೆ ಹೋಲಿಸಿದರೆ, ಮೋಟಾರನ್ನು ಎತ್ತಬೇಕೆ ಬೇಡವೇ ಎಂಬುದನ್ನು ಬಾವಿಯ ದಡದಲ್ಲಿ ನಿಂತೇ ತೀರ್ಮಾನಿಸಬಹುದು.